ದಾರಿ ಬೇಡುವ ದೀಪ

ಬೆಂಕಿಗೆ ಕಾಯುವ ಅಭ್ಯಾಸವಿಲ್ಲ. ಕಳ್ಳನು ಕೈಗೆ ಸಿಕ್ಕಿದಷ್ಟನ್ನು ಒಯ್ದು ಉಳಿದುದನ್ನು ಬಿಟ್ಟುಹೋದಾನು. ಹೊಳೆಯ ನೆರೆ ಇಳಿದ ಮೇಲೆ ಗೋಡೆಯಾದರೂ ನಿಂತಿದ್ದೀತು. ಬೆಂಕಿಯಾದರೋ ನಿಮಿಷ ನಿಮಿಷಕ್ಕೂ ತನ್ನ ಬಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತ ಹೋಗುವುದು. ಹಿಂದಿನವರ ಮನೆಗಳಲ್ಲಿ ಮರ, ಹತ್ತಿ, ನಾರು ಇವೇ ಸಾಮಾನುಗಳಾಗಿದ್ದುವು. ಅವು ಹೊತ್ತಿ ಉರಿಯುವುದಕ್ಕೆ ಕೊಂಚ ಅವಕಾಶ ಹಿಡಿಯುತ್ತಿದ್ದಿತು. ಈಗಿನ ಮನೆಗಳಲ್ಲಿ ಕೃತಕ ನೊರೆಯ ಮೆತ್ತೆಗಳೂ ಪ್ಲಾಸ್ಟಿಕ್ ಪದಾರ್ಥಗಳೂ ತುಂಬಿರುವುದರಿಂದ ಒಂದು ಕೊಠಡಿ ಪೂರ್ತಿಯಾಗಿ ಜ್ವಾಲೆಗೆ ತುತ್ತಾಗುವುದಕ್ಕೆ ನಾಲ್ಕೈದು ನಿಮಿಷಗಳು ಸಾಕಾಗುತ್ತವೆ. ಅಮೆರಿಕಾದ ಪ್ರಯೋಗಶಾಲೆಗಳಲ್ಲಿ ಕೊಠಡಿಗಳನ್ನೇ ಕಟ್ಟಿ, ಅವುಗಳಲ್ಲಿ ಹಳೆಯ ಬಗೆಯ ಸಾಮಾನನ್ನೂ ಹೊಸ ಬಗೆಯ ಸಾಮಾನನ್ನೂ ಬೇರೆ ಬೇರೆ ಇಟ್ಟು, ಉರಿಸಿ ನೋಡಿ ಕಂಡುಕೊಂಡ ಸಂಗತಿಯಿದು. ಆದುದರಿಂದ ಬೆಂಕಿ ಆರಿಸತಕ್ಕವರು ಎಷ್ಟು ಬೇಗ ಬಂದರು ಎಂಬ ಪ್ರಶ್ನೆ ಮನೆ ಉಳಿಯಿತೆ ಎಂಬ ಪ್ರಶ್ನೆಯೇ ಆಗಿರುತ್ತದೆ.

ನಮ್ಮ ನಾಡಿನಲ್ಲಿ ಬೆಂಕಿ ಬಿದ್ದರೆ ೧೦೧ಕ್ಕೋ ೧೧೨ಕ್ಕೋ ಕರೆ ಹೋಗುವುದು. ಸರ್ಕಾರದ ಸಂಬಳ ಪಡೆಯುವ ಸಿಬ್ಬಂದಿ ಠಾಣೆಯಿಂದ ಕೆಂಪು ಯಂತ್ರದೊಡನೆ ಗಂಟೆ ಬಾರಿಸುತ್ತ ಹೊರಡುವುದು. ಇದನ್ನು ಕಂಡು ಬೆಳೆದ ನಮಗೆ, ಲೋಕದ ಅನೇಕ ಕಡೆ ಈ ಕೆಲಸವನ್ನು ಸಂಬಳವಿಲ್ಲದ ನೆರೆಹೊರೆಯವರೇ ಮಾಡುತ್ತಾರೆಂದರೆ ವಿಚಿತ್ರವಾಗಿ ತೋರಬಹುದು. ಆ ನೆರೆಹೊರೆಯವರು ತಮ್ಮ ಸ್ವಂತ ಮೋಟಾರು ಗಾಡಿಯ ಮೇಲೆ ಹಚ್ಚಿಕೊಳ್ಳುವ ಒಂದು ಪುಟ್ಟ ದೀಪದ ವಿಷಯವನ್ನು ಈ ತಿಂಗಳು ವಾಚಕರ ಮುಂದೆ ಇಡಬೇಕೆಂದಿದ್ದೇವೆ. ವಿಷಯ ಅಲ್ಪವೆಂದು ಮೊದಲಿಗೆ ಕಂಡೀತು. ಆದರೆ ಪರೋಪಕಾರದ ಅವಸರಕ್ಕೆ ಮೇರೆ ಯಾವುದು, ಬೇರೆಯವರ ದಾರಿಯ ಮೇಲೆ ನಮಗೆ ಅಧಿಕಾರ ಎಷ್ಟು ಎಂಬ ದೊಡ್ಡ ಮಾತುಗಳು ಆ ದೀಪದ ಸುತ್ತಲೂ ನೆರೆದಿವೆ.

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪದ್ಧತಿ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು ೧೭೩೬ರಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿ ತನ್ನ ಗೆಳೆಯರನ್ನು ಕೂಡಿಸಿ 'ಯೂನಿಯನ್ ಫೈರ್ ಕಂಪನಿ' ಎಂಬ ಸಂಘವನ್ನು ಕಟ್ಟಿದನು. ಸದಸ್ಯನಾದವನು ಚರ್ಮದ ಬಕೆಟ್ಟುಗಳನ್ನೂ, ಉರಿಯುವ ಮನೆಯಿಂದ ಸಾಮಾನು ಸಾಗಿಸುವುದಕ್ಕೆ ಗಟ್ಟಿಯಾದ ಚೀಲಗಳನ್ನೂ ಸದಾ ಸಿದ್ಧವಾಗಿ ಇಟ್ಟುಕೊಂಡಿರಬೇಕಾಗಿದ್ದಿತು. ಸಭೆಗೆ ತಪ್ಪಿಸಿಕೊಂಡವನಿಗೆ ದಂಡ. ಆ ದಂಡದ ಹಣದಿಂದಲೇ ಏಣಿ, ಯಂತ್ರ ಮುಂತಾದುವನ್ನು ಕೊಳ್ಳುತ್ತಿದ್ದರು. ಅಂದು ನೆಟ್ಟ ಬೀಜ ಇಂದು ದೇಶವನ್ನೆಲ್ಲ ವ್ಯಾಪಿಸಿದೆ. ೨೦೨೦ರ ಲೆಕ್ಕದಂತೆ ಆ ದೇಶದಲ್ಲಿದ್ದ ಅಗ್ನಿಶಾಮಕರು ಒಟ್ಟು ೧೦,೪೧,೨೦೦ ಮಂದಿ. ಅವರಲ್ಲಿ ೬,೭೬,೯೦೦ ಮಂದಿ ಸ್ವಯಂಸೇವಕರು. ಎಂದರೆ ನೂರಕ್ಕೆ ಅರುವತ್ತೈದು ಜನ. ಹಗಲಿನಲ್ಲಿ ಅವರು ರೈತರು, ಅಂಗಡಿಯವರು, ಉಪಾಧ್ಯಾಯರು, ಬಡಗಿಗಳು. ಕರೆ ಬಂದ ಕ್ಷಣದಲ್ಲಿ ಬೆಂಕಿಯ ಆಳುಗಳು. ಮಹಾನಗರಗಳಲ್ಲಿ ಸಂಬಳದ ದಳಗಳುಂಟು. ಸಣ್ಣ ಊರುಗಳಿಗೂ ಹಳ್ಳಿಗಳಿಗೂ ಬಹುಮಟ್ಟಿಗೆ ಈ ಸ್ವಯಂಸೇವಕರೇ ದಿಕ್ಕು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಸಂಬಳದ ಸಿಬ್ಬಂದಿ ಠಾಣೆಯಲ್ಲಿಯೇ ಇರುವರು. ಅವರ ಪ್ರಯಾಣ ಒಂದೇ, ಠಾಣೆಯಿಂದ ಬೆಂಕಿಗೆ. ಸ್ವಯಂಸೇವಕನಿಗಾದರೋ ಪ್ರಯಾಣ ಎರಡು: ಮನೆಯಿಂದ, ಇಲ್ಲವೆ ಹೊಲದಿಂದ, ಅಂಗಡಿಯಿಂದ ಠಾಣೆಗೆ ಒಂದು, ಠಾಣೆಯಿಂದ ಯಂತ್ರವೇರಿ ಬೆಂಕಿಗೆ ಇನ್ನೊಂದು. ಎರಡನೆಯ ಪ್ರಯಾಣದಲ್ಲಿ ಯಂತ್ರದ ಬಣ್ಣವನ್ನೂ ಕೂಗನ್ನೂ ಕಂಡು ಕೇಳಿ ಊರೇ ದಾರಿ ಬಿಡುವುದು. ಮೊದಲನೆಯ ಪ್ರಯಾಣದಲ್ಲಿ ಅವನು ಎಲ್ಲರಂತೆ ಒಬ್ಬ ದಾರಿಹೋಕ. ಹಿಂದೆ ಚರ್ಚಿನ ಗಂಟೆಯೋ ಠಾಣೆಯ ಮೇಲಣ ಸೈರನ್ನೋ ಕೂಗಿದಾಗ ಊರಿಗೆಲ್ಲ ವಿಷಯ ತಿಳಿಯುತ್ತಿದ್ದಿತು. ಓಡುವವನು ಏಕೆ ಓಡುತ್ತಿದ್ದಾನೆಂಬುದನ್ನು ಕೇಳಬೇಕಾಗಿರಲಿಲ್ಲ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರು ಬಂದಿತು. ಈಗ ಕೈಯೊಳಗಿನ ದೂರವಾಣಿಯೂ ಸೇರಿಕೊಂಡಿದೆ. ಕರೆ ಒಬ್ಬನ ಕಿವಿಗೆ ಮಾತ್ರ ಬೀಳುವುದು. ಅವನ ಮುಂದಿನ ಗಾಡಿಯವನಿಗೆ ಏನೂ ಗೊತ್ತಿಲ್ಲ. ಆ ಮುಂದಿನವನು ಸಂತೆಗೆ ಹೋಗುತ್ತ ನಿಧಾನವಾಗಿ ಸಾಗುತ್ತಿದ್ದರೆ ಅವನ ತಪ್ಪೇನು? ಹಿಂದಿನವನ ಎದೆಯ ತಲ್ಲಣ ಅವನಿಗೆ ತಿಳಿಯುವ ಬಗೆ ಯಾವುದು? ಈ ತೊಡಕನ್ನು ಬಿಡಿಸುವುದಕ್ಕಾಗಿ ಹುಟ್ಟಿದುದೇ ಆ ದೀಪ.

ದೀಪದ ಕಾನೂನು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ನ್ಯೂಯಾರ್ಕ್ ಸಂಸ್ಥಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಸ್ವಯಂಸೇವಕ ಅಗ್ನಿಶಾಮಕನು ತನ್ನ ಗಾಡಿಯ ಮೇಲೆ ಒಂದೇ ಒಂದು ನೀಲಿ ದೀಪವನ್ನು ಇಟ್ಟುಕೊಳ್ಳಬಹುದು. ಅದಕ್ಕೆ ದಳದ ಮುಖ್ಯಸ್ಥನು ಬರೆದುಕೊಟ್ಟ ಅಪ್ಪಣೆ ಬೇಕು. ತುರ್ತು ಕಾರ್ಯದಲ್ಲಿ ತೊಡಗಿದಾಗ ಮಾತ್ರ ಅದನ್ನು ಬೆಳಗಿಸತಕ್ಕದ್ದು. ದೀಪವು ಅವನ ಗಾಡಿಯ ಮೇಲೆಯೇ ಇರಬೇಕೆಂದಿಲ್ಲ. ಅದೇ ಮನೆಯಲ್ಲಿ ವಾಸಿಸುವ ಕುಟುಂಬದವರ ಗಾಡಿಯ ಮೇಲೆಯೂ ಇರಬಹುದು. ಆದರೆ ಅದನ್ನು ಹಚ್ಚುವ ಹಕ್ಕು ಸ್ವಯಂಸೇವಕನದು ಮಾತ್ರ. ಮಡದಿಯು ಅದೇ ಗಾಡಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಹೊರಟರೆ, ಎಷ್ಟೇ ಹೊತ್ತಾಗಿರಲಿ, ದೀಪವು ಕಣ್ಣುಮುಚ್ಚಿಕೊಂಡೇ ಇರತಕ್ಕದ್ದು. ಒಂದೇ ಚಾವಡಿಯಲ್ಲಿ ನಿಂತ ಒಂದೇ ಗಾಡಿಗೆ ಹೀಗೆ ಎರಡು ಧರ್ಮಗಳು.

ಇನ್ನು ದೀಪದಿಂದ ದೊರೆಯುವ ಹಕ್ಕಾದರೂ ಏನು? ಈ ಪ್ರಶ್ನೆಗೆ ನ್ಯೂಯಾರ್ಕಿನ ಕಾನೂನು ಕೊಡುವ ಉತ್ತರ ಅನೇಕರನ್ನು ಬೆರಗುಗೊಳಿಸುತ್ತದೆ: ಯಾವ ಹಕ್ಕೂ ಇಲ್ಲ. ನೀಲಿ ದೀಪ ಹಚ್ಚಿದವನು ವೇಗದ ಮಿತಿಯನ್ನು ಮೀರಕೂಡದು. ಕೆಂಪು ಸೂಚನೆಯ ಮುಂದೆ ಎಲ್ಲರಂತೆ ನಿಲ್ಲಬೇಕು. ಶಾಲೆಯ ಬಸ್ಸು ಮಕ್ಕಳನ್ನು ಇಳಿಸುತ್ತಿದ್ದರೆ ಕಾಯಬೇಕು. ಮುಂದಿನವನು ದಾರಿ ಬಿಟ್ಟರೆ ಬಿಟ್ಟಾನು, ಬಿಡದಿದ್ದರೆ ಅದು ಅಪರಾಧವಲ್ಲ. ಅಗ್ನಿಶಾಮಕ ಯಂತ್ರದ ಕೆಂಪು ದೀಪಕ್ಕೂ ಸೈರನ್ನಿಗೂ ದಾರಿ ಬಿಡುವುದು ವಿಧಿ. ನೀಲಿ ದೀಪಕ್ಕೆ ದಾರಿ ಬಿಡುವುದು ಸೌಜನ್ಯ. ಆದುದರಿಂದಲೇ ಅದನ್ನು ಅಲ್ಲಿ ಸೌಜನ್ಯದ ದೀಪವೆಂದು ಕರೆಯುತ್ತಾರೆ. ನೆರೆಯ ನ್ಯೂ ಜೆರ್ಸಿಯಲ್ಲಿಯೂ ದೀಪ ನೀಲಿಯೇ; ಅಲ್ಲಿಯೂ ಸ್ವಯಂಸೇವಕನು ಸಂಚಾರದ ಸಮಸ್ತ ನಿಯಮಗಳನ್ನೂ ಪಾಲಿಸಲೇಬೇಕು; ಆದರೆ ಇತರರು ಅವನಿಗೆ ದಾರಿ ಬಿಡಬೇಕೆಂದು ಅಲ್ಲಿನ ಕಾನೂನು ವಿಧಿಸಿದೆ. ನ್ಯೂ ಜೆರ್ಸಿಯಲ್ಲಿ ಕನ್ನಡಿಗರ ಮನೆಗಳು ಅನೇಕವಿರುವುದರಿಂದ, ಅಲ್ಲಿ ಗಾಡಿ ನಡಸುವ ನಮ್ಮವರು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು. ಪೆನ್ಸಿಲ್ವೇನಿಯಾದಲ್ಲಿ ಎರಡು ನೀಲಿ ದೀಪಗಳವರೆಗೆ ಅವಕಾಶವುಂಟು.

ಆದರೆ ದಕ್ಷಿಣಕ್ಕೆ ಇಳಿದು ಉತ್ತರ ಕೆರೋಲಿನಾ ಸಂಸ್ಥಾನವನ್ನು ಹೊಕ್ಕರೆ ನೀಲಿ ಪೋಲೀಸರ ಬಣ್ಣ. ಸ್ವಯಂಸೇವಕನ ಬಣ್ಣ ಅಲ್ಲಿ ಕೆಂಪು. ಮ್ಯಾಸಚುಸೆಟ್ಸಿನಲ್ಲಿಯೂ ಹಾಗೆಯೇ ಕೆಂಪು. ನ್ಯೂಯಾರ್ಕಿನಲ್ಲಿ ಹಸುರು ದೀಪವು ರೋಗಿಗಳ ಗಾಡಿಯ ಸ್ವಯಂಸೇವಕನದು. ಗಡಿಯ ಹೊಳೆ ದಾಟಿ ಕೆನಡಾದ ಒಂಟೇರಿಯೋ ಪ್ರಾಂತವನ್ನು ಸೇರಿದರೆ ಅದೇ ಹಸುರು ಬೆಂಕಿಯ ಸ್ವಯಂಸೇವಕನದು. ಇಂಗ್ಲೆಂಡಿನಲ್ಲಿ ಹಸುರು ದೀಪ ಹೊತ್ತಿಸಿದವನು ವೈದ್ಯ. ಒಂದೇ ಬಣ್ಣಕ್ಕೆ ಊರಿಗೊಂದು ಅರ್ಥವಾದರೆ ದಾರಿಹೋಕನು ಏನೆಂದು ತಿಳಿಯಬೇಕು? ಗೃಹಸ್ಥನೊಬ್ಬನು ಪರಸ್ಥಳದಲ್ಲಿ ರಾತ್ರಿ ಹೋಗುತ್ತಿರುವಾಗ ಹಿಂದೆ ನೀಲಿ ಬೆಳಕು ಮಿಂಚಿದರೆ, ಪೋಲೀಸರು ತನ್ನನ್ನು ತಡೆಯುತ್ತಿರುವರೆಂದು ತಳಮಳಗೊಂಡು ಥಟ್ಟನೆ ನಿಲ್ಲಿಸಿಬಿಟ್ಟರೆ ಆಶ್ಚರ್ಯವಿಲ್ಲ. ಸಹಾಯಕ್ಕೆಂದು ಹಚ್ಚಿದ ಬೆಳಕೇ ಆಗ ಅಪಾಯಕ್ಕೆ ಕಾರಣವಾಗುವುದು.

ಬಣ್ಣಗಳ ಸ್ವಭಾವವೂ ಒಂದೇ ಅಲ್ಲ. ಹಗಲಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಉಜ್ಜ್ವಲವಾಗಿ ಕಾಣುವುದು. ಕತ್ತಲೆ ಕವಿದಂತೆಲ್ಲ ಕೆಂಪು ಮಂಕಾಗಿ ನೀಲಿ ಹಸುರುಗಳು ಎದ್ದು ಕಾಣುವುವು. ಸಂಜೆಯ ತೋಟದಲ್ಲಿ ದಾಸವಾಳವು ಕಪ್ಪಾಗಿ, ಎಲೆಗಳು ಬೆಳಗಾಗಿ ತೋರುವುದನ್ನು ಗಮನಿಸಿದವರಿಗೆ ಈ ಮಾತು ಸುಲಭವಾಗಿ ತಿಳಿಯುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ ಎಂಬುವನು ಇದನ್ನು ವಿವರಿಸಿದನು. ಅಲ್ಲದೆ ಎಲ್ಲ ಗಾಡಿಗಳ ಹಿಂಬದಿಯ ದೀಪವೂ ಕೆಂಪಾಗಿರುವುದರಿಂದ ಆ ಗುಂಪಿನಲ್ಲಿ ಇನ್ನೊಂದು ಕೆಂಪು ಸುಲಭವಾಗಿ ಬೆರೆತುಹೋಗುವುದು. ಹಿಂದೆ ದೀಪದ ಸುತ್ತ ಕನ್ನಡಿ ತಿರುಗುವ ಸಾಧನಗಳಿದ್ದುವು. ಈಗಿನ ಸಣ್ಣ ವಿದ್ಯುದ್ದೀಪಗಳು ಅಂಗೈಯಗಲದವಾಗಿದ್ದರೂ ಕಣ್ಣು ಕೋರೈಸುವಷ್ಟು ಪ್ರಖರವಾಗಿವೆ. ಪ್ರಖರತೆ ಹೆಚ್ಚಿದಷ್ಟೂ ಗುಣ ಹೆಚ್ಚೆಂದು ತಿಳಿಯಬಾರದು. ಎದುರಿನವನ ಕಣ್ಣನ್ನು ಕುರುಡಾಗಿಸಿದ ದೀಪವು ದಾರಿ ಬೇಡುವುದಲ್ಲ, ದಾರಿಯನ್ನೇ ಮರೆಮಾಡುವುದು.

ಈ ದೀಪ ಬೇಕೆನ್ನುವವರ ವಾದವನ್ನು ಮೊದಲು ಕೇಳೋಣ. ಯಂತ್ರವು ಠಾಣೆಯಲ್ಲಿ ಸಿದ್ಧವಾಗಿದ್ದರೂ ಸಾಕಷ್ಟು ಜನ ಸೇರುವವರೆಗೆ ಹೊರಡುವಂತಿಲ್ಲ. ನಾಲ್ವರು ಬೇಕಾದಲ್ಲಿ ಮೂವರು ಬಂದು ನಾಲ್ಕನೆಯವನಿಗಾಗಿ ಬಾಗಿಲು ನೋಡುತ್ತ ನಿಂತಿದ್ದರೆ, ಆ ನಾಲ್ಕನೆಯವನು ಎಲ್ಲಿಯೋ ಒಂದು ಮಂದಗತಿಯ ಗಾಡಿಯ ಹಿಂದೆ ಸಿಕ್ಕಿಕೊಂಡಿರುವಾಗ, ಅಲ್ಲಿ ಒಂದು ಮನೆ ಉರಿಯುತ್ತಿರುವುದು. ಸ್ವಯಂಸೇವಕರ ಸಂಖ್ಯೆಯೂ ಕುಗ್ಗುತ್ತ ಬಂದಿದೆ: ೧೯೮೪ರಲ್ಲಿ ಆ ದೇಶದಲ್ಲಿ ೮,೯೭,೭೫೦ ಮಂದಿ ಇದ್ದರು, ೨೦೨೦ರ ಸಂಖ್ಯೆಯನ್ನು ಮೇಲೆ ಹೇಳಿದ್ದೇವೆ. ಅದೇ ಕಾಲದಲ್ಲಿ ಬರುವ ಕರೆಗಳಾದರೋ ಮೂರು ಪಟ್ಟಿಗಿಂತಲೂ ಹೆಚ್ಚಿವೆ. ಮನುಷ್ಯರು ಕಡಮೆಯಾಗಿ ಕೆಲಸ ಹೆಚ್ಚಾದಾಗ ಒಬ್ಬೊಬ್ಬನ ಒಂದೊಂದು ನಿಮಿಷಕ್ಕೂ ಬೆಲೆಯುಂಟು. ಸಂಬಳವನ್ನು ಕೇಳದೆ, ನಡುರಾತ್ರಿಯಲ್ಲಿ ಹಾಸಿಗೆಯನ್ನು ಬಿಟ್ಟು ಏಳುವವನು ಕೇಳುತ್ತಿರುವುದು ಏನು? ಎರಡು ಗಳಿಗೆ ಪಕ್ಕಕ್ಕೆ ಸರಿಯಿರಿ ಎಂಬುದಷ್ಟೆ. ಇದನ್ನೂ ಕೊಡಲಾರದ ಊರು ಅವನ ಸೇವೆಗೆ ಯೋಗ್ಯವೆ?

ಈ ವಾದದಲ್ಲಿ ಹುರುಳುಂಟು. ಆದರೆ ಇನ್ನೊಂದು ಪಕ್ಷವನ್ನೂ ಕೇಳದೆ ತೀರ್ಪು ಹೇಳಲಾಗದು. ಅಮೆರಿಕಾದಲ್ಲಿ ಕರ್ತವ್ಯದಲ್ಲಿ ಮಡಿಯುವ ಅಗ್ನಿಶಾಮಕರ ಸಾವಿಗೆ ಕಾರಣಗಳನ್ನು ವರ್ಷವರ್ಷವೂ ಬರೆದಿಡುತ್ತಾರೆ. ಹೊಗೆಯೂ ಜ್ವಾಲೆಯೂ ಮೊದಲ ಕಾರಣಗಳಾಗಿರಬೇಕೆಂದು ನಾವು ಊಹಿಸುತ್ತೇವೆ. ದೀರ್ಘಕಾಲದ ಲೆಕ್ಕಗಳಲ್ಲಿ ಮೊದಲನೆಯದಾಗಿ ಕಂಡುದು ಹೃದಯದ ಆಘಾತ. ಅದರ ಹಿಂದಿನ ಸ್ಥಾನದಲ್ಲಿ ಕಂಡುದು ವಾಹನಗಳ ಅಪಘಾತ. ೧೯೯೦ರಿಂದ ೨೦೦೦ದವರೆಗಿನ ಸಾವುಗಳನ್ನು ಪರಿಶೀಲಿಸಿದಾಗ, ವಾಹನದ ಅಪಘಾತಗಳಲ್ಲಿ ತೀರಿಕೊಂಡವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಯಂತ್ರದಲ್ಲಿ ಅಲ್ಲ, ತಮ್ಮ ಸ್ವಂತ ಗಾಡಿಯಲ್ಲಿ ಇದ್ದವರೆಂದು ತಿಳಿಯಿತು. ಬೇರೆ ಯಾವುದೊಂದು ಬಗೆಯ ವಾಹನದಲ್ಲಿಯೂ ಅಷ್ಟು ಜನ ಸತ್ತಿರಲಿಲ್ಲ. ಹೆಚ್ಚಿನವರು ನಡುಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ಬೆಂಕಿಯ ಮುಖವನ್ನೇ ಕಾಣದೆ, ಬೆಂಕಿಗೆ ಹೋಗುವ ದಾರಿಯಲ್ಲಿಯೇ ಆಹುತಿಯಾದವರು ಇವರು.

ಈ ಅವಸರದ ಲಾಭವನ್ನು ಒಮ್ಮೆ ಲೆಕ್ಕಹಾಕಿ ನೋಡೋಣ. ಮನೆಯಿಂದ ಠಾಣೆಗೆ ಮೂರು ಕಿಲೋಮೀಟರು ಇದೆಯೆಂದು ಇಟ್ಟುಕೊಳ್ಳಿ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋದರೆ ೩ ನಿಮಿಷ ಹಿಡಿಯುವುದು. ೮೦ಕ್ಕೆ ಏರಿಸಿದರೆ ೨ ನಿಮಿಷ ೧೫ ಸೆಕೆಂಡು. ಉಳಿದುದು ಮುಕ್ಕಾಲು ನಿಮಿಷ. ಅದೂ ದಾರಿಯುದ್ದಕ್ಕೂ ಒಂದೇ ವೇಗದಲ್ಲಿ, ತಿರುವು ಅಡ್ಡರಸ್ತೆಗಳಿಲ್ಲದೆ ಹೋದರೆ ಮಾತ್ರ. ಕೊಟ್ಟುದೇನು? ಗಾಡಿಯು ಹೊತ್ತ ಆಘಾತಶಕ್ತಿಯು ವೇಗದ ವರ್ಗದಂತೆ ಬೆಳೆಯುವುದರಿಂದ, ೬೦ರಿಂದ ೮೦ಕ್ಕೆ ಏರಿದಾಗ ಅದು ಒಂದೂ ಮುಕ್ಕಾಲು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ತಡೆ ಹಾಕಿದ ಮೇಲೆ ಗಾಡಿ ಜಾರುತ್ತ ಹೋಗುವ ದೂರವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಮುಕ್ಕಾಲು ನಿಮಿಷದ ಲಾಭಕ್ಕಾಗಿ ಅಡ್ಡ ಬಂದ ಮಗುವೊಂದರ ಮುಂದೆ ನಿಲ್ಲುವ ಶಕ್ತಿಯನ್ನು ಮಾರಿಕೊಂಡಂತಾಯಿತು. ಮೇಲಾಗಿ ಅವನು ದಾರಿಯಲ್ಲಿ ಬಿದ್ದರೆ, ಬೆಂಕಿಗೆ ಹೋಗಬೇಕಾದವರಲ್ಲಿ ಕೆಲವರು ಅವನ ಕಡೆಗೆ ತಿರುಗಬೇಕಾಗುವುದು. ಒಂದು ಆಪತ್ತು ಎರಡಾಗಿ, ಉರಿಯುವ ಮನೆಗೆ ಬರತಕ್ಕ ಸಹಾಯವು ಇನ್ನಷ್ಟು ತಡವಾಗುವುದು.

ದೀಪವೇ ವೇಗವನ್ನು ಹೆಚ್ಚಿಸುವುದಿಲ್ಲವೆಂದು ಯಾರಾದರೂ ಹೇಳಬಹುದು. ನಿಜ, ದೀಪಕ್ಕೆ ಕಾಲಿಲ್ಲ, ಅದು ಯಂತ್ರವನ್ನು ತುಳಿಯಲಾರದು. ಆದರೆ ದೀಪವು ಹೊರಗಿನವರಿಗೆ ಬೆಳಕು ತೋರಿಸುವಂತೆಯೇ ಒಳಗೆ ಕುಳಿತವನ ಮನಸ್ಸಿನ ಮೇಲೆಯೂ ಬೆಳಕು ಬೀರುವುದು. ತಲೆಯ ಮೇಲೆ ಮಿಂಚು ತಿರುಗುತ್ತಿರುವಾಗ, ಎದುರಿನ ಜನ ಸರಿದು ನಿಲ್ಲುತ್ತಿರುವಾಗ, 'ಇದು ನನ್ನ ದಾರಿ' ಎಂಬ ಭಾವನೆ ಹುಟ್ಟದಿರುವುದು ಕಷ್ಟ. ಅದರಲ್ಲಿಯೂ ಹದಿನೆಂಟು ಇಪ್ಪತ್ತರ ಹರೆಯದವನಿಗೆ, ಮೊದಲ ಸಲ ದಳಕ್ಕೆ ಸೇರಿದವನಿಗೆ, ಆ ಮೋಹ ಹೆಚ್ಚು. ಯಂತ್ರವನ್ನು ನಡಸುವುದಕ್ಕೆ ಕೂರುವವನಿಗೆ ಶಿಕ್ಷಣ ಕೊಡುವರು. ಅವನ ಪಕ್ಕದಲ್ಲಿ ಹಿರಿಯನೊಬ್ಬನು ಕುಳಿತಿರುವನು. ಸ್ವಂತ ಗಾಡಿಯಲ್ಲಿ ಅವನು ಒಬ್ಬಂಟಿ. ಅವನ ಎದೆಯ ಬಡಿತವನ್ನು ತಗ್ಗಿಸುವವರು ಯಾರೂ ಇಲ್ಲ.

ಇದನ್ನೆಲ್ಲ ಆಲೋಚಿಸಿಯೇ ಇರಬೇಕು, ಕೆಲವು ದೇಶಗಳು ಈ ದೀಪಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಇಂಗ್ಲೆಂಡಿನ ಹಳ್ಳಿಗಾಡುಗಳಲ್ಲಿ ಕರೆ ಬಂದಾಗ ಮಾತ್ರ ಓಡಿಬರುವ ಅಗ್ನಿಶಾಮಕರಿದ್ದಾರೆ. ಅವರಿಗೆ ಸ್ವಲ್ಪ ಸಂಭಾವನೆಯುಂಟು. ಠಾಣೆಗೆ ಕೆಲವೇ ನಿಮಿಷಗಳ ದೂರದಲ್ಲಿ ವಾಸಿಸುವವರನ್ನೇ ಅಲ್ಲಿ ಆರಿಸಿಕೊಳ್ಳುವರು. ಸ್ವಂತ ಗಾಡಿಗೆ ನೀಲಿ ದೀಪವಿಲ್ಲ. ಜರ್ಮನಿ ದೇಶದಲ್ಲಿ ಸ್ವಯಂಸೇವಕ ಅಗ್ನಿಶಾಮಕರು ಸುಮಾರು ಹತ್ತು ಲಕ್ಷ ಮಂದಿ ಇದ್ದಾರೆ. ಅಲ್ಲಿಯೂ ಸಾಮಾನ್ಯ ಸ್ವಯಂಸೇವಕನ ಗಾಡಿಯ ಮೇಲೆ ನೀಲಿ ದೀಪ ಇಡುವಂತಿಲ್ಲ. ಗಾಡಿಯ ನೆತ್ತಿಯ ಮೇಲೆ, ಬೆಂಕಿಯ ಕೆಲಸಕ್ಕೆ ಹೋಗುತ್ತಿರುವುದಾಗಿ ಬರೆದ ಒಂದು ಫಲಕವನ್ನು ಇಟ್ಟುಕೊಂಡು ಹೋಗುವವರುಂಟು. ಅದು ಮಿನುಗುವುದಿಲ್ಲ, ಕೂಗುವುದಿಲ್ಲ; ಓದಿದವರು ಅರಿತುಕೊಳ್ಳುವರು. ಇಷ್ಟರಿಂದ ಆ ದೇಶಗಳಲ್ಲಿ ಬೆಂಕಿಯ ಸೇವೆ ನಿಂತುಹೋಗಿಲ್ಲ.

ಹಾಗಾದರೆ ದೀಪ ಬೇಕೆ, ಬೇಡವೆ? ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ದೀಪವನ್ನು ಬೇಡುವ ಕೈಯೆಂದು ತಿಳಿದವನಿಗೆ ಅದು ಇರಲಿ. ತಳ್ಳುವ ಕೈಯೆಂದು ತಿಳಿದವನಿಗೆ ಬೇಡ. ಊರುಗಳು ಒಂದಕ್ಕೊಂದು ದೂರವಾಗಿದ್ದು, ರಸ್ತೆಗಳು ಒಂಟಿಯಾಗಿದ್ದು, ಮುಂದಿನ ಗಾಡಿಯನ್ನು ದಾಟುವುದಕ್ಕೆ ಎಡೆಯಿಲ್ಲದ ಕಡೆಗಳಲ್ಲಿ ದೀಪದಿಂದ ಉಪಕಾರವುಂಟು. ಮುಂದಿನವನು ಕಂಡು ಪಕ್ಕಕ್ಕೆ ಸರಿದರೆ ಯಾರ ವೇಗವೂ ಹೆಚ್ಚದೆ ಕಾಲ ಉಳಿಯುವುದು. ಜನ ಕಿಕ್ಕಿರಿದ ಪೇಟೆಯಲ್ಲಿ ಅದರಿಂದ ಗಲಿಬಿಲಿಯೇ ಹೆಚ್ಚು. ನ್ಯೂಯಾರ್ಕಿನ ಕಾನೂನು ದೀಪವನ್ನು ಕೊಟ್ಟು ಹಕ್ಕನ್ನು ಕೊಡದೆ ಇದ್ದುದು ಕೆಲವರಿಗೆ ಅರ್ಧಂಬರ್ಧದ ಕೆಲಸವೆಂದು ಕಾಣುವುದು. ನಮಗೆ ಅದರಲ್ಲಿ ಒಂದು ವಿವೇಕ ಕಾಣುತ್ತದೆ. ದಾರಿ ಕೊಡುವುದು ಕೊಡುವವನ ಇಚ್ಛೆಯೆಂದು ತಿಳಿದಿರುವವನು ಕೊಟ್ಟುದಕ್ಕೆ ಕೈಮುಗಿದು ಹೋಗುವನು. ಅದು ತನ್ನ ಸ್ವತ್ತೆಂದು ತಿಳಿದವನು ಕೊಡದವನ ಮೇಲೆ ಹರಿಹಾಯುವನು.

ಸೆಕೆಂಡುಗಳನ್ನು ಉಳಿಸುವ ಸ್ಥಳ ರಸ್ತೆಯೊಂದೇ ಅಲ್ಲವೆಂಬುದನ್ನೂ ಮರೆಯಬಾರದು. ಬೀಗದ ಕೈಯನ್ನು ದಿನವೂ ಒಂದೇ ಮೊಳೆಗೆ ತೂಗುಹಾಕುವುದು, ಪಾದರಕ್ಷೆಯನ್ನು ಬಾಗಿಲ ಬಳಿಯಲ್ಲಿಯೇ ಇಡುವುದು, ಗಾಡಿಯನ್ನು ರಸ್ತೆಗೆ ಮುಖಮಾಡಿ ನಿಲ್ಲಿಸುವುದು, ಇಂಥ ಸಣ್ಣ ಏರ್ಪಾಡುಗಳಿಂದಲೇ ಆ ಮುಕ್ಕಾಲು ನಿಮಿಷ ದೊರೆಯುವುದು. ಯಾರ ಪ್ರಾಣಕ್ಕೂ ಅಪಾಯವಿಲ್ಲ. ಸರದಿಯಂತೆ ಕೆಲವರು ರಾತ್ರಿ ಠಾಣೆಯಲ್ಲಿಯೇ ಮಲಗುವ ವ್ಯವಸ್ಥೆ ಮಾಡಿಕೊಂಡರೆ ಮೊದಲನೆಯ ಪ್ರಯಾಣವೇ ತಪ್ಪಿತು. ಇನ್ನು ಮನೆಯವರ ಕೈಯಲ್ಲಿರುವ ಕಾಲವಂತೂ ಎಲ್ಲಕ್ಕಿಂತ ದೊಡ್ಡದು. ಮಾಳಿಗೆಗೆ ಅಂಟಿಸಿದ ಹೊಗೆಯ ಎಚ್ಚರಿಕೆಯ ಗಂಟೆಯು ನಿದ್ರೆಯಲ್ಲಿದ್ದವರನ್ನು ಆರಂಭದಲ್ಲಿಯೇ ಎಬ್ಬಿಸಿದರೆ, ಮಲಗುವಾಗ ಕೋಣೆಯ ಬಾಗಿಲನ್ನು ಮುಚ್ಚಿಕೊಂಡಿದ್ದರೆ, ತಾವೇ ಆರಿಸಿಯೇವೆಂದು ಹೊತ್ತು ಕಳೆಯದೆ ಕೂಡಲೆ ಕರೆ ಕಳುಹಿಸಿದರೆ, ಅದರಿಂದ ಉಳಿಯುವ ನಿಮಿಷಗಳ ಮುಂದೆ ರಸ್ತೆಯ ಸಾಹಸದಿಂದ ಉಳಿಯುವ ಸೆಕೆಂಡುಗಳು ಎಷ್ಟರವು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಸ್ವಯಂಸೇವಕನ ಮನೆಯವರ ಮಾತನ್ನೂ ಹೇಳದೆ ಬಿಡಲಾಗದು. ಊಟದ ನಡುವೆ ಕರೆ ಬಂದು ಯಜಮಾನನು ಎದ್ದು ಹೋದಾಗ ಎಲೆಯ ಮುಂದೆ ಉಳಿಯುವವರು ಹೆಂಡತಿ ಮಕ್ಕಳು. ಬೆಂಕಿಯಲ್ಲಿ ಏನಾದೀತೋ ಎಂಬ ಭಯವೊಂದು ಅವರಿಗಿದ್ದೇ ಇದೆ. ದಾರಿಯಲ್ಲಿ ಏನಾದೀತೋ ಎಂಬ ಭಯವನ್ನೂ ಅದಕ್ಕೆ ಕೂಡಿಸುವುದು ನ್ಯಾಯವಲ್ಲ. ನಡುಪಟ್ಟಿಯನ್ನು ಕಟ್ಟಿಕೊಂಡು, ಅಡ್ಡರಸ್ತೆಯಲ್ಲಿ ನಿಂತು ನೋಡಿ ಹೋಗುವ ಸ್ವಯಂಸೇವಕನು ಪರರ ಮನೆಯನ್ನು ಉಳಿಸುವ ಮುನ್ನ ತನ್ನ ಮನೆಯನ್ನು ಉಳಿಸಿರುವನು. ಇದು ಸ್ವಾರ್ಥವಲ್ಲ, ಠಾಣೆಯನ್ನು ಸೇರಿದವನೇ ಬೆಂಕಿಯನ್ನು ಆರಿಸಬಲ್ಲನು.

ಇಷ್ಟೆಲ್ಲ ದೂರದೇಶದ ಮಾತಾಯಿತು. ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಕರ್ನಾಟಕದಲ್ಲಿ ಬೆಂಕಿಯ ಸೇವೆಯು ೧೯೬೪ರ ಕಾಯಿದೆಯ ಮೇಲೆ ನಿಂತ ಸರ್ಕಾರಿ ಇಲಾಖೆಯದು. ಸ್ವಂತ ಗಾಡಿಗೆ ದೀಪ ಕಟ್ಟಿಕೊಳ್ಳುವ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಆದರೆ ಗಾಡಿಯ ನೆತ್ತಿಯ ದೀಪ ನಮಗೆ ಅಪರಿಚಿತವೆ? ಬಹುಕಾಲ ನಮ್ಮ ರಸ್ತೆಗಳಲ್ಲಿ ಕೆಂಪು ದೀಪವು ಅಧಿಕಾರದ ಮುದ್ರೆಯಾಗಿದ್ದಿತು. ಉರಿಯುವ ಮನೆಯಾಗಲಿ ಪ್ರಾಣಸಂಕಟದ ರೋಗಿಯಾಗಲಿ ಇಲ್ಲದೆ, ಪದವಿಯೊಂದರ ಕಾರಣದಿಂದಲೇ ಅದು ದಾರಿ ಬಿಡಿಸುತ್ತಿದ್ದಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಬಳಕೆಗೆ ಕಡಿವಾಣ ಹಾಕಿತು. ೨೦೧೭ರ ಮೇ ೧ರಿಂದ ಮಂತ್ರಿಗಳೇ ಮೊದಲಾದವರ ಗಾಡಿಗಳಿಂದ ದೀಪ ಇಳಿದು, ರೋಗಿಗಳ ಗಾಡಿ, ಅಗ್ನಿಶಾಮಕ ಯಂತ್ರ, ಪೋಲೀಸು ಮುಂತಾದ ತುರ್ತು ಸೇವೆಗಳಿಗೆ ಮಾತ್ರ ಉಳಿಯಿತು. ಅಲ್ಲಿ ರೈತನೊಬ್ಬನು ನೆರೆಯವನ ಕೊಟ್ಟಿಗೆಯನ್ನು ಉಳಿಸುವುದಕ್ಕಾಗಿ ಹಕ್ಕಿಲ್ಲದ ದೀಪವೊಂದನ್ನು ಹಚ್ಚುತ್ತಾನೆ. ಇಲ್ಲಿ ನಾವು ಕಾರ್ಯವಿಲ್ಲದ ದೀಪಗಳಿಗೆ ಬಹುದಿನ ತಲೆಬಾಗಿದ್ದೆವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ದೀಪದ ಗೌರವ ಎಲ್ಲಿಂದ ಬರುವುದೆಂಬುದು ತಿಳಿಯುವುದು.

ಮಿಥ್ಯಾದೀಪಗಳಿಗೆ ಬೇಸತ್ತ ಜನ ಸತ್ಯದೀಪವನ್ನೂ ಅಲಕ್ಷ್ಯ ಮಾಡುವುದುಂಟು. ರೋಗಿಯ ಗಾಡಿ ಹಿಂದೆ ಕೂಗುತ್ತಿದ್ದರೂ ಅಡ್ಡಗಟ್ಟಿ ನಿಲ್ಲುವವರನ್ನೂ, ದಾರಿ ಬಿಟ್ಟಂತೆ ಮಾಡಿ ಅದರ ಬಾಲ ಹಿಡಿದು ತಾವೂ ಧಾವಿಸುವವರನ್ನೂ ನಮ್ಮ ಪಟ್ಟಣಗಳಲ್ಲಿ ದಿನವೂ ಕಾಣುತ್ತೇವೆ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯಂತೆ ಅಗ್ನಿಶಾಮಕ ಯಂತ್ರಕ್ಕೋ ರೋಗಿಯ ಗಾಡಿಗೋ ದಾರಿ ಬಿಡದವನಿಗೆ ಆರು ತಿಂಗಳವರೆಗಿನ ಸೆರೆಮನೆ, ಇಲ್ಲವೆ ೧೦,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ದಂಡದ ಭಯದಿಂದ ಸರಿಯುವುದೂ ಸರಿಯುವುದೇ. ಆದರೆ ಕೂಗು ಕೇಳಿದ ಕೂಡಲೆ ಥಟ್ಟನೆ ತಡೆ ಹಾಕದೆ, ಹಿಂದುಮುಂದು ನೋಡಿ, ಮೆಲ್ಲನೆ ಎಡಕ್ಕೆ ಸರಿದು ನಿಲ್ಲುವ ಪಾಠವನ್ನು ಮನೆಯ ಹುಡುಗರಿಗೆ ಗಾಡಿ ಕಲಿಸುವಾಗಲೇ ಕಲಿಸಿದರೆ ದಂಡದ ಮಾತೇ ಬೇಕಾಗಲಾರದು. ಮನೆಯ ಮುಂದಿನ ಓಣಿಯಲ್ಲಿ ಎರಡು ಕಡೆಯೂ ಗಾಡಿಗಳನ್ನು ನಿಲ್ಲಿಸಿ, ಯಂತ್ರವು ಒಳಗೆ ಬಾರದಂತೆ ನಾವೇ ಮುಚ್ಚಿಟ್ಟಿರುವೆವೆ ಎಂಬುದನ್ನೂ ಒಮ್ಮೆ ಹೊರಗೆ ಬಂದು ನೋಡುವುದು ಒಳ್ಳೆಯದು. ಯಾವ ಬಣ್ಣದ ದೀಪವೂ ಅಂಥ ಓಣಿಯನ್ನು ಅಗಲಗೊಳಿಸಲಾರದು.

ಕಾನೂನು ರಸ್ತೆಗೆ ಗೆರೆ ಎಳೆಯಬಲ್ಲುದು, ದೀಪಕ್ಕೆ ಬಣ್ಣವನ್ನು ಗೊತ್ತುಮಾಡಬಲ್ಲುದು. ಹಿಂದಿನವನ ಸಂಕಟವನ್ನು ಮುಂದಿನವನು ತನ್ನದೆಂದು ತಿಳಿದು ಸರಿಯುವುದೂ, ಸರಿಯದವನನ್ನು ಹಿಂದಿನವನು ಶಪಿಸದೆ ತಾಳುವುದೂ ಕಾನೂನಿನ ಕೈಯಲ್ಲಿಲ್ಲ. ಅದು ಮನೆಗಳಲ್ಲಿ ಬೆಳೆಯತಕ್ಕ ಗುಣ. ಅದು ಬೆಳೆದ ಊರಿನಲ್ಲಿ ಪುಟ್ಟ ದೀಪವೂ ದಾರಿ ಪಡೆಯುವುದು.